ಕಲ್ಲಿನಡಿಯ ಆಸರೆ

ಮನೆಯಲ್ಲಿ ದೇವರ ಕೋಣೆಗೆ ಒಂದು ಗೌರವವಿದೆ. ನಡುಮನೆಗೆ ಒಂದು ಠೀವಿಯಿದೆ. ಒಲೆಗೂ ಅದರದೇ ಆದ ಪ್ರತಿಷ್ಠೆಯಿದೆ. ಪಾತ್ರೆ ತೊಳೆಯುವ ಸ್ಥಳಕ್ಕೆ ಮಾತ್ರ ಇಂಥ ಭಾಗ್ಯವಿಲ್ಲ. ದಿನಕ್ಕೆ ಹತ್ತು ಸಲ ಅದರ ಮುಂದೆ ನಿಲ್ಲುತ್ತೇವೆ. ಅದನ್ನು ಕಣ್ಣಿಟ್ಟು ನೋಡುವುದು ಅದು ಕೆಟ್ಟು ಕುಳಿತ ದಿನ. ಅಂಥ ಒಂದು ವಸ್ತುವಿನ ವಿಷಯವಾಗಿ, ಅದರಲ್ಲಿಯೂ ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಿಗೆ ಬಂದು ಸೇರಿರುವ, ಕಲ್ಲಿನ ಕೆಳಗಿನಿಂದ ಕೂಡಿಸುವ ಸಿಂಕಿನ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಹೇಗೆ ನಿಂತಿದೆ, ಏಕೆ ಜಾರುತ್ತದೆ, ಜಾರಿದರೆ ಅದನ್ನು ಮತ್ತೆ ಭದ್ರಪಡಿಸುವುದು ಹೇಗೆ ಎಂಬಷ್ಟು ನನ್ನ ಮಾತಿನ ವ್ಯಾಪ್ತಿ.

ನಮ್ಮ ಹಿಂದಿನ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಿತ್ತಿಲಿನಲ್ಲಿ ಬಾವಿಯ ಪಕ್ಕ ಒಂದು ಹಾಸುಗಲ್ಲು. ಬೂದಿ, ಹುಣಿಸೆಹಣ್ಣು, ತೆಂಗಿನ ನಾರು. ಪಾತ್ರೆ ತೊಳೆಯುವ ಸಾಮಗ್ರಿ ಅಲ್ಲಿಗೆ ಮುಗಿಯಿತು. ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ತೊಳೆಯುತ್ತಿದ್ದರು. ನೀರು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿದುಹೋಗುತ್ತಿತ್ತು. ಭಾರವನ್ನೆಲ್ಲ ಹೊರುತ್ತಿದ್ದವಳು ಭೂಮಿತಾಯಿ. ಅವಳು ಜಾರಿಬಿಡುವಳೆಂಬ ಭಯ ಯಾರಿಗೂ ಇರಲಿಲ್ಲ. ಒಲೆ ನೆಲದಿಂದ ಕಟ್ಟೆಗೆ ಏರಿದ ಮೇಲೆ ತೊಳೆಯುವ ಜಾಗವೂ ಅದರೊಡನೆ ಏರಬೇಕಾಯಿತು. ಮೊದಲು ಕಡಪ ಕಲ್ಲಿನ ಅಥವಾ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ಚಪ್ಪಡಿ, ಅದರ ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ. ಆಮೇಲೆ ಹೊಳಪಿನ ಗ್ರಾನೈಟು, ಅದರಲ್ಲಿ ಉಕ್ಕಿನ ಸಿಂಕು.

ಈ ಉಕ್ಕಿನ ಕಥೆಯೂ ಸ್ವಾರಸ್ಯವಾದುದೇ. ೧೯೧೩ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ, ಬಂದೂಕಿನ ನಳಿಗೆ ಬೇಗನೆ ಸವೆಯದಂತೆ ಏನು ಮಾಡಬಹುದೆಂದು ಹುಡುಕುತ್ತಿದ್ದಾಗ, ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕಿಗೆ ಮಣಿಯದೆ ನಿಲ್ಲುವುದನ್ನು ಕಂಡ. ಯುದ್ಧದ ಸಲುವಾಗಿ ಹುಡುಕಿದ್ದು ಅಡಿಗೆಮನೆಯಲ್ಲಿ ಬಾಳಿತು. ಇಂದು ಒಳ್ಳೆಯ ಸಿಂಕುಗಳಿಗೆ ಬಳಸುವ, ೩೦೪ ಎಂಬ ಅಂಕಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯನ್ನು ಹೊದ್ದುಕೊಳ್ಳುತ್ತದೆ. ಗೀರು ಬಿದ್ದರೆ ಆ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಸಿಂಕು ಕೆಟ್ಟಿತೆಂದು ಜನ ಹೇಳುವಾಗ ಕೆಟ್ಟಿರುವುದು ಬಹುಮಟ್ಟಿಗೆ ಉಕ್ಕಲ್ಲ. ಉಕ್ಕಿಗೂ ಕಲ್ಲಿಗೂ ಇರುವ ಸಂಬಂಧ.

ಈ ಸಂಬಂಧ ಎರಡು ಬಗೆಯದು. ಒಂದರಲ್ಲಿ ಸಿಂಕಿನ ಅಂಚು ಕಲ್ಲಿನ ಮೇಲೆ ಕೂರುತ್ತದೆ. ಕಲ್ಲಿನಲ್ಲಿ ಕೊರೆದ ಕಂಡಿಗೆ ಸಿಂಕನ್ನು ಮೇಲಿನಿಂದ ಇಳಿಸುತ್ತಾರೆ. ಅಂಚು ನಾಲ್ಕೂ ಕಡೆ ಕಲ್ಲನ್ನು ಊರಿಕೊಂಡು ನಿಲ್ಲುತ್ತದೆ. ಇಲ್ಲಿ ಭೂಮಿಯ ಸೆಳೆತ ನಮಗೆ ಮಿತ್ರ. ಭಾರ ಹೆಚ್ಚಿದಷ್ಟೂ ಸಿಂಕು ಭದ್ರವಾಗಿ ಕೂರುತ್ತದೆ. ಆದರೆ ಕಲ್ಲಿನ ಮೇಲೆ ಉಬ್ಬಿ ನಿಂತ ಆ ಅಂಚು ಕಟ್ಟೆಯ ನೀರನ್ನು ತಡೆಯುತ್ತದೆ. ಅದರ ಬದಿಗೆ ಕೊಳೆ ಕೂಡುತ್ತದೆ. ಎರಡನೆಯ ಬಗೆಯಲ್ಲಿ ಸಿಂಕನ್ನು ಕಲ್ಲಿನ ಕೆಳಮೈಗೆ ಒತ್ತಿ ಹಿಡಿಸುತ್ತಾರೆ. ಮೇಲೆ ನೋಡಿದರೆ ಅಖಂಡವಾದ ಕಲ್ಲು. ಕಟ್ಟೆಯ ಮೇಲೆ ಚೆಲ್ಲಿದ ನೀರನ್ನೂ ಅನ್ನದ ಅಗುಳನ್ನೂ ಕೈಯಿಂದ ಒಮ್ಮೆ ಸವರಿದರೆ ಸಾಕು, ನೇರವಾಗಿ ಸಿಂಕಿಗೆ ಬೀಳುತ್ತವೆ. ನೋಟಕ್ಕೆ ಚೆಂದ, ಬಳಕೆಗೆ ಹಿತ. ಆದರೆ ಇಲ್ಲಿ ಸಿಂಕು ಕುಳಿತಿಲ್ಲ, ನೇತಾಡುತ್ತಿದೆ. ಭೂಮಿಯ ಸೆಳೆತ ಹಗಲೂ ಇರುಳೂ ಅದನ್ನು ಕಲ್ಲಿನಿಂದ ಬಿಡಿಸಲು ಯತ್ನಿಸುತ್ತಲೇ ಇರುತ್ತದೆ. ಕುಳಿತದ್ದಕ್ಕೂ ನೇತದ್ದಕ್ಕೂ ಇರುವ ಈ ಭೇದವನ್ನು ಮನಸ್ಸಿಗೆ ತಂದುಕೊಂಡರೆ ಉಳಿದುದೆಲ್ಲ ಸುಲಭವಾಗುತ್ತದೆ.

ನೇತಾಡುವ ಭಾರವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಸಿಂಕಿನ ಒಳಗಣ ಉದ್ದ ೬೦ ಸೆಂಟಿಮೀಟರ್, ಅಗಲ ೪೫, ಆಳ ೨೦ ಎಂದಿಟ್ಟುಕೊಳ್ಳಿ. ತುಂಬಿದರೆ ೫೪ ಲೀಟರ್ ನೀರು. ಎಂದರೆ ೫೪ ಕಿಲೋಗ್ರಾಂ. ಸಿಂಕಿನ ಸ್ವಂತ ತೂಕವನ್ನೂ ನೀರಿನಲ್ಲಿ ಮುಳುಗಿಸಿಟ್ಟ ಕುಕ್ಕರು, ಬಾಣಲೆ, ದೋಸೆಯ ಕಾವಲಿಗಳ ತೂಕವನ್ನೂ ಕೂಡಿಸಿದರೆ ೭೦ ಕಿಲೋ ದಾಟುತ್ತದೆ. ತುಂಬಿದ ಸಿಂಕೆಂದರೆ ಕಲ್ಲಿನ ಕೆಳಗೆ ಒಬ್ಬ ವಯಸ್ಕ ಮನುಷ್ಯ ಜೋತುಬಿದ್ದಂತೆ.

ಅವನನ್ನು ಹಿಡಿದಿರುವುದು ಯಾವುದು? ಬಹುತೇಕ ಮನೆಗಳಲ್ಲಿ, ಒಂದು ಅಂಟು. ಇಂದು ಸಾಮಾನ್ಯವಾಗಿ ಬಳಸುವ ಅಂಟು ಸಿಲಿಕೋನ್. ಈ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪ್ಪಿಂಗ್. ಹತ್ತಾರು ವರ್ಷ ಈ ಬಗೆಯ ಪದಾರ್ಥಗಳನ್ನು ಅಭ್ಯಸಿಸಿದ ಆತನೇ ಒಂದು ಉಪನ್ಯಾಸದಲ್ಲಿ ಈ ಕ್ಷೇತ್ರದಿಂದ ದೊಡ್ಡ ಪ್ರಗತಿಯೇನೂ ಬೇಗ ಬರುವಂತೆ ತೋರುವುದಿಲ್ಲವೆಂದು ನಿರಾಶೆಯಿಂದ ಹೇಳಿದ. ಕೆಲವೇ ವರ್ಷಗಳಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅದು ವಿಮಾನಗಳಿಗೆ ಬೇಕಾದ ಪದಾರ್ಥವಾಯಿತು. ಅಲ್ಲಿಂದ ಮುಂದೆ ಮನೆಮನೆಯ ಬಿರುಕುಗಳನ್ನು ತುಂಬಲು ಬಂದಿತು. ತಾನು ನೆಟ್ಟ ಗಿಡದ ಫಲವೆಷ್ಟೆಂದು ನೆಟ್ಟವನಿಗೇ ತಿಳಿಯದೆ ಹೋಗುವುದುಂಟು.

ಈ ಅಂಟು ನಿಜವಾಗಿ ದುರ್ಬಲವಲ್ಲ. ಮೇಲೆ ಹೇಳಿದ ಸಿಂಕಿನ ಅಂಚಿನ ಸುತ್ತಳತೆ ಸುಮಾರು ೨೧೦ ಸೆಂಟಿಮೀಟರ್. ಅಂಟು ಹಿಡಿಯುವ ಅಗಲ ಎರಡು ಸೆಂಟಿಮೀಟರ್ ಎಂದರೆ, ಹಿಡಿತದ ಕ್ಷೇತ್ರ ೪೨೦ ಚದರ ಸೆಂಟಿಮೀಟರ್. ಎಪ್ಪತ್ತು ಕಿಲೋ ಭಾರವನ್ನು ಅಷ್ಟರ ಮೇಲೆ ಹಂಚಿದರೆ ಚದರ ಸೆಂಟಿಮೀಟರಿಗೆ ಕಾಲು ಕಿಲೋ ಕೂಡ ಬೀಳುವುದಿಲ್ಲ. ಒಳ್ಳೆಯ ಸಿಲಿಕೋನ್ ಇದರ ಹಲವು ಪಟ್ಟು ಭಾರವನ್ನು ತಡೆಯಬಲ್ಲದು. ಹಾಗಾದರೆ ಸಿಂಕು ಜಾರುವುದೇಕೆ? ಅಂಟು ಹರಿದು ಜಾರುವುದಲ್ಲ; ಅಂಟು ಕಲ್ಲನ್ನು ಮುಟ್ಟದೆ ಇದ್ದುದರಿಂದ ಜಾರುತ್ತದೆ. ಕಲ್ಲಿನಲ್ಲಿ ಕಂಡಿ ಕೊರೆಯುವಾಗ ಏಳುವ ನುಣ್ಣನೆಯ ಹುಡಿ ಕೆಳಮೈಯ ಮೇಲೆ ಕುಳಿತಿರುತ್ತದೆ. ಅದನ್ನು ಒರೆಸದೆ ಹಚ್ಚಿದ ಅಂಟು ಹುಡಿಯನ್ನು ಹಿಡಿಯುತ್ತದೆ, ಕಲ್ಲನ್ನಲ್ಲ. ಕಲ್ಲು ತೇವವಾಗಿದ್ದರೂ ಹೀಗೆಯೇ; ಉಕ್ಕಿನ ಮೇಲೆ ಎಣ್ಣೆಯ ಪಸೆಯಿದ್ದರೂ ಹೀಗೆಯೇ. ಇನ್ನೊಂದು ಸಂಗತಿಯಿದೆ. ಭಾರ ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ. ಲಕೋಟೆಗೆ ಅಂಟಿಸಿದ ಅಂಚೆಚೀಟಿಯನ್ನು ಇಡಿಯಾಗಿ ಮೇಲಕ್ಕೆಳೆದರೆ ಬರಲಾರದು. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದರೆ ಸಲೀಸಾಗಿ ಸುಲಿದು ಬರುತ್ತದೆ. ಸಿಂಕೂ ಒಂದು ಮೂಲೆಯಿಂದ ಸುಲಿಯತೊಡಗುತ್ತದೆ.

ಮೇಸ್ತ್ರಿಗಳು ಕೆಲವರು ಸಿಲಿಕೋನಿನ ಬದಲು ಕಲ್ಲಿಗೆ ಕಲ್ಲು ಕೂಡಿಸುವ ಗಡುಸಾದ ಅಂಟನ್ನು ಬಳಸುತ್ತಾರೆ. ಅದು ಕಚ್ಚುವುದು ಬಿಗಿಯಾಗಿಯೇ. ಆದರೆ ಅದಕ್ಕೆ ಬಳುಕು ತಿಳಿಯದು. ಅನ್ನ ಬಸಿದ ಕುದಿಗಂಜಿಯನ್ನು ಸಿಂಕಿಗೆ ಸುರಿದಾಗ ಉಕ್ಕು ಹಿಗ್ಗುತ್ತದೆ. ಐವತ್ತು ಡಿಗ್ರಿ ಬಿಸಿಯೇರಿದರೆ ೬೦ ಸೆಂಟಿಮೀಟರ್ ಉಕ್ಕು ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ; ಗ್ರಾನೈಟು ಅಷ್ಟೇ ಬಿಸಿಯಾದರೂ ಹಿಗ್ಗುವುದು ಅದರ ಅರ್ಧದಷ್ಟು. ದಿನವೂ ನಡೆಯುವ ಈ ಎಳೆದಾಟದಲ್ಲಿ ಗಡಸು ಅಂಟು ಎಂದಾದರೊಂದು ದಿನ ಸೀಳುತ್ತದೆ. ರಬ್ಬರಿನಂತೆ ಬಳುಕುವ ಸಿಲಿಕೋನ್ ತಾಳಿಕೊಳ್ಳುತ್ತದೆ. ಆದಕಾರಣ ನೀರು ತಡೆಯುವ ಕೆಲಸವನ್ನು ಸಿಲಿಕೋನಿಗೂ, ಭಾರ ಹೊರುವ ಕೆಲಸವನ್ನು ಬೇರೆ ಆಸರೆಗೂ ಒಪ್ಪಿಸುವುದು ಸರಿಯಾದ ಮಾರ್ಗ.

ಇದು ಕೇವಲ ವಸ್ತುವಿನ ಪ್ರಶ್ನೆಯಲ್ಲವೆಂಬುದು ನನಗೆ ಮನವರಿಕೆಯಾದದ್ದು ನಮ್ಮ ಬೀದಿಯ ಒಂದು ಮನೆಯಲ್ಲಿ. ಆ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸು ಒಂದು ದಿನ, "ಅಮ್ಮಾ, ಈ ಮೂಲೇಲಿ ಕಲ್ಲು ಬಿಟ್ಕೊಂಡೈತೆ, ನನ್ನ ಉಗುರು ಒಳಕ್ಕೆ ಹೋಗ್ತದೆ" ಎಂದಳಂತೆ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸಿಂಕಿನ ಮುಂಭಾಗ ಎರಡು ಬೆರಳಿನಷ್ಟು ಕೆಳಗಿಳಿಯಿತು; ನೀರು ಸೋರಿ ಕೆಳಗಿನ ಮರದ ಬೀರು ಉಬ್ಬಿತು. ಆಕೆ ಪಾತ್ರೆಗಳನ್ನು ಎತ್ತಿಹಾಕಿದ್ದೇ ಇದಕ್ಕೆ ಕಾರಣವೆಂದು ಮನೆಯವರು ತೀರ್ಮಾನಿಸಿದರು. ರಿಪೇರಿಯ ಖರ್ಚನ್ನು ಅವಳ ಸಂಬಳದಲ್ಲಿ ಮುರಿದುಕೊಳ್ಳುವ ಮಾತೂ ಬಂದಿತು. ಮನೆಯಾಕೆ ನನ್ನನ್ನು ಕರೆದು, "ಮೇಷ್ಟ್ರೇ, ನಿಮಗೆ ಇಂಥಾದ್ದರಲ್ಲಿ ಆಸಕ್ತಿ ಇದೆಯಲ್ಲ, ಒಂದು ಸಲ ನೋಡಿ ಹೇಳಿ" ಎಂದರು.

ನಾನು ಬ್ಯಾಟರಿ ದೀಪ ಹಿಡಿದು ಬೀರುವಿನೊಳಕ್ಕೆ ತಲೆಹಾಕಿ ನೋಡಿದೆ. ಸುತ್ತಲೂ ಒಂದು ಕೊಕ್ಕೆಯಿಲ್ಲ, ಒಂದು ಬೋಲ್ಟಿಲ್ಲ, ಕೆಳಗೆ ಒಂದು ಆಸರೆಯಿಲ್ಲ. ಬಿಟ್ಟುಕೊಂಡಿದ್ದ ಅಂಟಿನ ಒಂದು ತುಂಡನ್ನು ಸುಲಿದು ತಂದು ಬೆಳಕಿನಲ್ಲಿ ತಿರುಗಿಸಿದೆ. ಉಕ್ಕಿನ ಕಡೆಯ ಮೈ ನುಣ್ಣಗೆ ಹೊಳೆಯುತ್ತಿತ್ತು. ಕಲ್ಲಿನ ಕಡೆಯ ಮೈಗೆ ಬೂದುಬಣ್ಣದ ಹುಡಿ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಸಿಂಕು ಕೂಡಿಸಿದ ದಿನವೇ ಅದು ಬೀಳಲು ಮೊದಲಾಗಿತ್ತು. ಬಿದ್ದುಮುಗಿಯಲು ಮೂರು ವರ್ಷ ಹಿಡಿದಿತ್ತು, ಅಷ್ಟೆ. ಆ ತುಂಡನ್ನು ಮನೆಯವರ ಕೈಗೆ ಕೊಟ್ಟು ಬೆರಳಿನಿಂದ ಉಜ್ಜಿ ನೋಡಲು ಹೇಳಿದೆ. ಬೆರಳಿಗೆ ಕಲ್ಲಿನ ಹುಡಿ ಹತ್ತಿತು. ಹೆಚ್ಚಿನ ವಾದ ಬೇಕಾಗಲಿಲ್ಲ. ಆ ಹೆಂಗಸಿನ ಸಂಬಳ ಉಳಿಯಿತು. ಕಾರಣ ತಿಳಿಯದ ಮನೆಯಲ್ಲಿ ಅಪರಾಧ ಯಾವಾಗಲೂ ಅತ್ಯಂತ ಕೆಳಗಿರುವವರ ಹೆಗಲಿಗೆ ಜಾರುತ್ತದೆ. ಕಾರಣವನ್ನು ತಿಳಿಯುವುದಕ್ಕೆ ಈ ಒಂದು ಉಪಯೋಗವಾದರೂ ಇದೆ.

ಇನ್ನು ರಿಪೇರಿಯ ಕ್ರಮ. ಮೊಟ್ಟಮೊದಲು ಸಿಂಕಿನಲ್ಲಿ ನೀರು ತುಂಬುವುದನ್ನು ನಿಲ್ಲಿಸಬೇಕು. ಕೆಳಗಿನ ಬೀರುವನ್ನು ಬರಿದುಮಾಡಬೇಕು. ಅಲ್ಲಿ ಗ್ಯಾಸ್ ಸಿಲಿಂಡರ್ ಇದ್ದರೆ ಅದನ್ನು ಮುಚ್ಚಿ ಬೇರೆಡೆಗೆ ಸಾಗಿಸಬೇಕು. ಅನಂತರ, ಬೇರೆ ಯಾವುದನ್ನೂ ಬಿಚ್ಚುವ ಮೊದಲು, ಸಿಂಕಿಗೆ ಕೆಳಗಿನಿಂದ ಒಂದು ಊರೆ ಕೊಡಬೇಕು. ಅಡ್ಡ ಹಲಗೆಯಿಟ್ಟು ಕೆಳಗೆ ಇಟ್ಟಿಗೆ ಜೋಡಿಸಿದರೂ ಆದೀತು, ಕಾರಿನ ಜಾಕ್ ಇಟ್ಟರೂ ಆದೀತು. ಅಂಟು ಪೂರ್ತಿ ಬಿಟ್ಟ ಕ್ಷಣದಲ್ಲಿ ಸಿಂಕು ಕೈಮೇಲೆ ಬೀಳಬಾರದು. ಆಮೇಲೆ ಕೆಳಗೊಂದು ಬಕೆಟ್ಟಿಟ್ಟು ನೀರು ಹೋಗುವ ಕೊಳವೆಯನ್ನು ಬಿಚ್ಚಬೇಕು. ಆ ಕೊಳವೆಯ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ದುರ್ವಾಸನೆ ಮನೆಯೊಳಕ್ಕೆ ಏರದಂತೆ ತಡೆಯುವುದು ಅದೇ. ೧೭೭೫ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಶೌಚದ ಕೊಳವೆಗಾಗಿ ಇಂಥ ಬಾಗನ್ನು ಕಲ್ಪಿಸಿ ಪೇಟೆಂಟ್ ಪಡೆದ. ಕೊಳವೆ ಬಿಚ್ಚಿದಷ್ಟು ಕಾಲವೂ ಗೋಡೆಯ ಕಡೆಯ ಬಾಯಿಗೆ ಒಂದು ಬಟ್ಟೆ ತುರುಕಿಡಬೇಕು.

ಸಿಂಕನ್ನು ಇಳಿಸಿದ ಮೇಲೆ ನಿಜವಾದ ಕೆಲಸ, ಎಂದರೆ ಶುಚಿ ಮಾಡುವ ಕೆಲಸ, ಮೊದಲಾಗುತ್ತದೆ. ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಹಿಡಿಯದು. ಇದು ಅನೇಕರಿಗೆ ತಿಳಿಯದ ಮಾತು. ಆದ್ದರಿಂದ ಕಲ್ಲಿನ ಕೆಳಮೈಯಲ್ಲಿಯೂ ಉಕ್ಕಿನ ಅಂಚಿನಲ್ಲಿಯೂ ಹಳೆಯದರ ಒಂದು ಎಳೆಯೂ ಉಳಿಯದಂತೆ ಬ್ಲೇಡಿನಿಂದ ಹೆರೆದು ತೆಗೆಯಬೇಕು. ಒದ್ದೆ ಬಟ್ಟೆಯಿಂದ ಹುಡಿಯನ್ನು ಒರೆಸಿ, ಒಂದು ದಿನ ಒಣಗಬಿಟ್ಟು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೈಗಳನ್ನೂ ಸವರಬೇಕು. ಬಿಳಿಯ ಬಟ್ಟೆ ಬಿಳಿಯದಾಗಿಯೇ ಹಿಂದಿರುಗಿದಾಗ ಕಲ್ಲು ಸಿದ್ಧವಾಯಿತೆಂದು ತಿಳಿಯಬಹುದು. ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಅದು ವ್ಯರ್ಥವಲ್ಲ.

ಮುಂದೆ ಆಸರೆ. ಸಿಂಕಿನೊಡನೆ ಬರುವ ಕೊಕ್ಕೆಗಳನ್ನು ಹಿಡಿಸಲು ಕಲ್ಲಿನ ಕೆಳಮೈಯಲ್ಲಿ ರಂಧ್ರ ಕೊರೆಯಬೇಕಾಗುತ್ತದೆ. ಗ್ರಾನೈಟಿನ ದಪ್ಪ ಸಾಮಾನ್ಯವಾಗಿ ೧೮ರಿಂದ ೨೦ ಮಿಲಿಮೀಟರ್. ರಂಧ್ರದ ಆಳ ಅದರ ಅರ್ಧವನ್ನು ಮೀರಬಾರದು. ಕೊರೆಯುವ ಕಡ್ಡಿಗೆ ಅಷ್ಟು ಅಳತೆಯಲ್ಲಿ ಒಂದು ಟೇಪು ಸುತ್ತಿದರೆ ಎಲ್ಲಿ ನಿಲ್ಲಿಸಬೇಕೆಂಬುದು ಕಾಣುತ್ತದೆ. ಯಂತ್ರವನ್ನು ಸುತ್ತಿಸಿ ಕೊರೆಯಬೇಕೇ ಹೊರತು ಬಡಿಸಿ ಕೊರೆಯಬಾರದು. ಸಿಂಕಿನ ಮುಂದೆ ಹಿಂದೆ ಉಳಿದಿರುವ ಕಲ್ಲಿನ ಪಟ್ಟಿ ಅಂಗೈಯಗಲಕ್ಕಿಂತ ಹೆಚ್ಚಿರುವುದಿಲ್ಲ, ಒಂದೇ ಪೆಟ್ಟಿಗೆ ಸೀಳಬಹುದು. ಈ ಒಂದು ಕೆಲಸವನ್ನು ಪಳಗಿದ ಕಲ್ಲುಕೆಲಸದವರ ಕೈಗೆ ಬಿಡುವುದೇ ಲೇಸು. ಕೊಕ್ಕೆಗಳು ಆರೇಳಾದರೂ ಇರಬೇಕು, ಮೂಲೆಗಳ ಬಳಿ ತಪ್ಪದೆ ಇರಬೇಕು, ತುಕ್ಕು ಹಿಡಿಯದ ಲೋಹದವಾಗಿರಬೇಕು.

ಕಲ್ಲನ್ನು ಕೊರೆಯಲು ಹೆದರುವವರಿಗೆ ನನ್ನ ಮನಸ್ಸಿಗೆ ಹೆಚ್ಚು ಒಪ್ಪುವ ಇನ್ನೊಂದು ದಾರಿಯಿದೆ. ನಮ್ಮ ಕಟ್ಟೆಗಳು ಬಹುಮಟ್ಟಿಗೆ ಇಟ್ಟಿಗೆಯ ಅಡ್ಡಗೋಡೆಗಳ ಅಥವಾ ನಿಲ್ಲಿಸಿದ ಚಪ್ಪಡಿಗಳ ಮೇಲೆ ನಿಂತಿರುತ್ತವೆ. ಆ ಗೋಡೆಯಿಂದ ಈ ಗೋಡೆಗೆ, ಸಿಂಕಿನ ಅಂಚಿನ ಕೆಳಗೆ, ಮುಂದೊಂದು ಹಿಂದೊಂದು ಉಕ್ಕಿನ ಪಟ್ಟಿ ಹಾಯಿಸಿದರೆ ಸಿಂಕು ನೇತಾಡುವುದನ್ನು ಬಿಟ್ಟು ಕೂರುತ್ತದೆ. ಮೇಲಿನ ನೋಟ ಹೊಸ ರೀತಿಯದೇ; ಕೆಳಗಿನ ನ್ಯಾಯ ಹಳೆಯದು. ಭಾರ ಮತ್ತೆ ಗೋಡೆಯ ಮೂಲಕ ಭೂಮಿಗೇ ಹೋಗಿ ಸೇರುತ್ತದೆ.

ಅಂಟು ಹಚ್ಚುವಾಗ ಒಂದು ಎಚ್ಚರ. ಕೆಲವು ಸಿಲಿಕೋನುಗಳು ಒಣಗುವಾಗ ವಿನಿಗರಿನ ಹುಳಿ ವಾಸನೆ ಬೀರುತ್ತವೆ. ಅದು ಅಸೆಟಿಕ್ ಆಮ್ಲ. ಸುಣ್ಣದ ಜಾತಿಯ ಕಲ್ಲುಗಳಾದ ಕಡಪ, ಶಹಾಬಾದ್, ಅಮೃತಶಿಲೆಗಳಿಗೆ ಆಮ್ಲ ಹಗೆ. ಕಲ್ಲಿಗೆ ಯಾವಾಗಲೂ ನ್ಯೂಟ್ರಲ್ ಎಂದು ಬರೆದಿರುವ, ಹುಳಿ ವಾಸನೆಯಿಲ್ಲದ ಸಿಲಿಕೋನನ್ನೇ ಕೇಳಿ ತರಬೇಕು. ಅದನ್ನು ಸಿಂಕಿನ ಅಂಚಿನ ಸುತ್ತ ಎಲ್ಲಿಯೂ ತುಂಡಾಗದ ಒಂದೇ ಗೆರೆಯಾಗಿ ಎಳೆದು, ಮೊದಲೇ ಪೆನ್ಸಿಲಿನಿಂದ ಗುರುತಿಸಿದ ಜಾಗಕ್ಕೆ ಸಿಂಕನ್ನು ಏರಿಸಬೇಕು.

ಒತ್ತಿ ಹಿಡಿಯುವುದಕ್ಕೆ ಒಂದು ಹಳ್ಳಿಯ ಉಪಾಯ ಸಾಕು. ಸಿಂಕಿನ ಬಾಯಿಗೆ ಅಡ್ಡವಾಗಿ ಕಟ್ಟೆಯ ಮೇಲೊಂದು ಗಟ್ಟಿ ಹಲಗೆ. ನೀರು ಹೋಗುವ ರಂಧ್ರದ ಕೆಳಗೆ ಅಡ್ಡಲಾಗಿ ಒಂದು ಮರದ ತುಂಡು. ಆ ತುಂಡಿಗೂ ಹಲಗೆಗೂ ರಂಧ್ರದ ಮೂಲಕ ಬಿಗಿದ ಇಮ್ಮಡಿ ಹಗ್ಗ. ಹಗ್ಗದ ನಡುವೆ ಒಂದು ಕೋಲು ತೂರಿಸಿ ತಿರುಚಿದರೆ ಸಿಂಕು ಮೇಲಕ್ಕೇರಿ ಕಲ್ಲಿಗೆ ಒತ್ತಿಕೊಳ್ಳುತ್ತದೆ. ಬಡಗಿಗಳ ಹಳೆಯ ಚೌಕಟ್ಟಿನ ಗರಗಸವನ್ನು ನೋಡಿದವರಿಗೆ ಈ ತಿರುಚು ಪರಿಚಿತವೇ. ನಾನು ಹೇಳಿದ ಆ ಮನೆಯಲ್ಲಿ ಕೋಲು ತಿರುಚಿದವಳು ಆ ಪಾತ್ರೆ ತೊಳೆಯುವ ಹೆಂಗಸೇ; ಎಲ್ಲಿ ಸಾಕು ಎಂಬುದನ್ನು ಅವಳ ಬೆರಳೇ ಕಲ್ಲಿನ ಅಂಚನ್ನು ಸವರಿ ಹೇಳಿತು. ಅತಿಯಾಗಿ ಬಿಗಿಯಬಾರದು, ಅಂಟೆಲ್ಲ ಹೊರಕ್ಕೆ ಹಿಂಡಿಹೋದರೆ ನಡುವೆ ಹಿಡಿಯಲು ಏನೂ ಉಳಿಯದು. ಒಂದೆರಡು ಮಿಲಿಮೀಟರಿನ ಪದರ ಉಳಿಯಲೇಬೇಕು. ಕೊಕ್ಕೆಗಳ ತಿರುಪುಗಳನ್ನೂ ಒಂದರ ಪಕ್ಕದ್ದನ್ನಲ್ಲ, ಒಂದರ ಎದುರಿನದನ್ನು, ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತ ಬರಬೇಕು. ಹೊರಚೆಲ್ಲಿದ ಅಂಟನ್ನು ಅದರ ಮೇಲೆ ಕೆನೆ ಕಟ್ಟುವ ಮೊದಲೇ ಒರೆಸಬೇಕು.

ಕಡೆಯ ಹಂತ ಕಾಯುವುದು. ಈ ಅಂಟು ಗಾಳಿಯಲ್ಲಿನ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಗಟ್ಟಿಯಾಗುತ್ತದೆ. ಆದ್ದರಿಂದಲೇ ಮಂಗಳೂರಿನ ಮಳೆಗಾಲದಲ್ಲಿ ಅದು ಬೇಗ ಹದಗೊಳ್ಳುತ್ತದೆ, ರಾಯಚೂರಿನ ಒಣ ಹವೆಯಲ್ಲಿ ನಿಧಾನಿಸುತ್ತದೆ. ಮುಟ್ಟಿದರೆ ಒಣಗಿದಂತೆ ತೋರುವುದು ಅರ್ಧ ಗಂಟೆಯಲ್ಲಿ. ಒಳಗೆ ಬಲ ಬರುವುದು ದಿನಗಳಲ್ಲಿ. ಒಂದು ದಿನ ನೀರು ಸೋಕಿಸಬಾರದು. ಮೂರು ದಿನ ಹಗ್ಗವನ್ನೂ ಊರೆಯನ್ನೂ ತೆಗೆಯಬಾರದು. ಆ ಮೂರು ದಿನ ಪಾತ್ರೆಗಳು ಬಚ್ಚಲಿಗೆ ಹೋಗಲಿ. ಅನಂತರ ಕೊಳವೆಯನ್ನು ಜೋಡಿಸಿ, ಅರ್ಧ ನೀರು ತುಂಬಿ, ಕೆಳಗಿನಿಂದ ಒಣ ಕಾಗದವನ್ನು ಅಂಚಿನ ಸುತ್ತ ಹಾಯಿಸಿ ನೋಡಬೇಕು. ಕಾಗದ ಒಣಗಿಯೇ ಇದ್ದರೆ ಪೂರ್ತಿ ತುಂಬಿ ನೋಡಬಹುದು.

ಈಗಲೂ ಭದ್ರವಾಗಿಯೇ ಇರುವ ಸಿಂಕಿನವರು ಮಾಡಬೇಕಾದದ್ದು ಸ್ವಲ್ಪವೇ. ವರ್ಷಕ್ಕೆ ಎರಡು ಸಲ ದೀಪ ಹಿಡಿದು ಕೆಳಗೆ ನೋಡಿ. ಅಂಚಿನ ಸಂದಿಗೆ ಒಂದು ತೆಳು ಕಾರ್ಡನ್ನು ತೂರಿಸಲು ಯತ್ನಿಸಿ. ಅದು ಒಳಹೊಕ್ಕರೆ ಅಂದೇ ಒಂದು ಊರೆ ಕೊಡಿ. ಸಂದು ಸಣ್ಣದಿರುವಾಗ ಕೆಲಸವೂ ಸಣ್ಣದು. ಹೊಸ ಮನೆ ಕಟ್ಟಿಸುವವರು, ಕಲ್ಲು ಕೂಡಿಸುವ ದಿನ ಮೇಸ್ತ್ರಿಯೊಡನೆ ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ಇದನ್ನು ಕೆಳಗೆ ಹೊರುವುದು ಯಾವುದು? ಬರಿಯ ಅಂಟು ಎಂಬ ಉತ್ತರ ಬಂದರೆ ಒಪ್ಪಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಸಿಂಕಿನ ಮುಂದೆ ದಿನವೂ ನಿಲ್ಲುವವರು ಯಾರೋ, ಮನೆಯಾಕೆಯೋ ಕೆಲಸದಾಕೆಯೋ, ಅವರು ಹೇಳುವುದನ್ನು ಕೇಳಿ. ಕಲ್ಲು ಬಿಟ್ಟುಕೊಳ್ಳುವ ಸುದ್ದಿ ಮೇಸ್ತ್ರಿಗಿಂತ ಮೊದಲು, ಯಜಮಾನರಿಗಿಂತ ಮೊದಲು, ಅವರ ಬೆರಳಿಗೆ ತಿಳಿದಿರುತ್ತದೆ.